ಎರಡು ಸ್ಕೋರುಗಳ ನಡುವೆ

ಎರಡನೇ ಆಟ ಮುಗಿದು ಗೋಡೆಯ ಹಲಗೆಯ ಮೇಲೆ ಅಂಕ ಬರೆದಾಗ ಅಕ್ಕನ ಸಾಲಿಗೆ ಮತ್ತೊಂದು ಸೊನ್ನೆ ಬಿದ್ದಿತು. ಅವಳಿಗೆ ಬೇಸರವಾಗಲಿಲ್ಲ, ಮೈ ಹಗುರವಾಯಿತು. ಇನ್ನು ಕಳೆದುಕೊಳ್ಳಲು ಏನೂ ಇಲ್ಲ, ಮೂರನೆಯದನ್ನು ಸುಮ್ಮನೆ ಆಡಿ ಮುಗಿಸಿ ತಂಗಿಗೆ ಚಪ್ಪಾಳೆ ತಟ್ಟಿದರಾಯಿತು ಎಂದುಕೊಂಡಳು. ಆ ಹಗುರ ಒಂದು ಲೋಟ ನೀರು ಕುಡಿಯುವಷ್ಟು ಹೊತ್ತೂ ಉಳಿಯಲಿಲ್ಲ. ತಂಗಿ ಬಂದು ಮೊಣಕೈ ಹಿಡಿದು, "ಸ್ವಲ್ಪ ಬಾ ಇಲ್ಲಿ," ಎಂದು ಮೆಟ್ಟಿಲಿನ ಕಡೆಗೆ ಎಳೆದುಕೊಂಡು ಹೋದಳು.

ಪಿನ್‌ಬಾಲ್ ಪಂದ್ಯ ನಡೆಯುತ್ತಿದ್ದದ್ದು ಒಂದು ಟೈರ್ ಅಂಗಡಿಯ ಮೇಲಿನ ಮಹಡಿಯಲ್ಲಿ. ಗೋಡೆಗೆ ಬೆನ್ನು ಕೊಟ್ಟು ಸಾಲಾಗಿ ನಿಂತ, ಗಾಜಿನ ಕೆಳಗೆ ಉಕ್ಕಿನ ಬಾಲ್ ಓಡಾಡಿಸಿ ಸ್ಕೋರು ಮಾಡುವ ಮೆಷಿನ್ನುಗಳು, ಅವುಗಳ ಗಂಟೆ, ಗುಡುಗು, ಕಿರುಚಾಟ. ಕೆಳಗಿನಿಂದ ಏರಿ ಬರುವ ರಬ್ಬರಿನ ವಾಸನೆ. ಮೆಟ್ಟಿಲಿಗೆ ಬಂದರೆ ಮಾತ್ರ ಮಾತು ಮಾತಾಗಿ ಕೇಳಿಸುತ್ತಿತ್ತು.

ಅಕ್ಕ ಹೆಂಗಸರ ಕೂದಲು ಕತ್ತರಿಸುವ ಸಲೂನ್ ನಡೆಸುವವಳು. ಪಕ್ಕದ ಲಾಂಡ್ರಿಯಲ್ಲಿ ಗಿರಾಕಿಗಳ ಹೊತ್ತು ಕಳೆಯಲೆಂದು ಒಂದು ಹಳೆಯ ಪಿನ್‌ಬಾಲ್ ಮೆಷಿನ್ ಇಟ್ಟಿದ್ದರು. ಅಂಗಡಿಯಲ್ಲಿ ಯಾರೂ ಇಲ್ಲದಾಗ ಅವಳು ಅಲ್ಲಿಗೆ ಹೋಗಿ ಆಡುತ್ತ ಆಡುತ್ತ ಕಲಿತಳು. ಡ್ರೈವಿಂಗ್ ಶಾಲೆಯಲ್ಲಿ ಕಾರು ಕಲಿಸುವ ತಂಗಿ ಒಂದು ದಿನ ಅಕ್ಕನನ್ನು ಕರೆಯಲು ಬಂದವಳು, "ಏನಿದು, ನಾನೂ ಒಂದು ಕೈ ನೋಡ್ತೀನಿ," ಎಂದಳು. ನೋಡಿದ ಕೈ ಮತ್ತೆ ಬಿಡಲಿಲ್ಲ. ಹಿಡಿದ ಕೆಲಸವನ್ನೆಲ್ಲ ನಡುವೆಯೇ ಬಿಟ್ಟು ಬರುತ್ತಾಳೆಂದು ಅಮ್ಮ ಅವಳನ್ನು "ಅರ್ಧ ಹೊಲಿದ ಅಂಗಿ" ಎನ್ನುತ್ತಿದ್ದಳು. ಅಂಥವಳು ಇದನ್ನು ಬಿಡದೆ ಹಿಡಿದು, ಕಲಿಸಿದ ಅಕ್ಕನನ್ನೇ ದಾಟಿ ಹೋಗಿದ್ದಳು. ಇವತ್ತು ಫೈನಲಿಗೆ ಹೋದರೆ ಅಮ್ಮನ ಮುಂದೆ ಅಂಗಿಗೆ ಕೊನೆಯ ಗುಂಡಿ ಹಾಕಿದಂತೆ ಎಂಬುದು ಅವಳ ಆಸೆ. ಅದೃಷ್ಟಕ್ಕೋ ದುರದೃಷ್ಟಕ್ಕೋ ಚೀಟಿ ಎತ್ತಿದಾಗ ಅಕ್ಕ ತಂಗಿ ಇಬ್ಬರೂ ಒಂದೇ ಗುಂಪಿಗೆ ಬಿದ್ದಿದ್ದರು.

ಗುಂಪಿನಲ್ಲಿ ನಾಲ್ಕು ಜನ, ಮೂರು ಆಟ. ಪ್ರತಿ ಆಟದಲ್ಲಿ ಮೊದಲು ಬಂದವರಿಗೆ ನಾಲ್ಕು ಅಂಕ, ಎರಡನೆಯವರಿಗೆ ಎರಡು, ಮೂರನೆಯವರಿಗೆ ಒಂದು, ಕೊನೆಯವರಿಗೆ ಏನೂ ಇಲ್ಲ. ಒಟ್ಟು ಅಂಕದಲ್ಲಿ ಮೇಲಿರುವ ಇಬ್ಬರು ಫೈನಲಿಗೆ. ಎರಡು ಆಟ ಮುಗಿದಾಗ ಬೇಕರಿ ನಡೆಸುವವನೊಬ್ಬನಿಗೆ ಎಂಟು ಅಂಕ, ಅವನು ಗಟ್ಟಿ. ತಂಗಿಗೆ ನಾಲ್ಕು, ಆಸ್ಪತ್ರೆಯಲ್ಲಿ ಕೆಲಸ ಮಾಡುವ ನರ್ಸಮ್ಮನಿಗೆ ಎರಡು, ಅಕ್ಕನಿಗೆ ಸೊನ್ನೆ.

"ನಿನಗೆ ಇನ್ನು ದಾರಿ ಇಲ್ಲ ಅಲ್ವಾ?" ತಂಗಿ ಮೆಟ್ಟಿಲ ಕಂಬಿಯನ್ನು ಉಗುರಿನಿಂದ ಕೆರೆಯುತ್ತ ಕೇಳಿದಳು.

"ಇಲ್ಲ ಅಂತಲೇ ಲೆಕ್ಕ. ಗೆದ್ದರೂ ನಾಲ್ಕೇ, ಅಷ್ಟು ನಿನಗೆ ಆಗಲೇ ಇದೆ."

"ಹಾಗಾದ್ರೆ..." ತಂಗಿ ಕೆಳಗೆ ನೋಡಿದಳು. "ನೀನು ಸೋಲು ಅಂತ ನಾನು ಹೇಳ್ತಿಲ್ಲ. ಸ್ಕೋರಲ್ಲಿ ನನ್ನ ಮೇಲೆ ಮಾತ್ರ ಬರಬೇಡ. ಅಷ್ಟೇ."

ಬಸ್ಸಿನಲ್ಲಿ ಕಿಟಕಿ ಪಕ್ಕದ ಸೀಟು, ಚಳಿಗಾಲದಲ್ಲಿ ಗೋಡೆ ಕಡೆಯ ಹಾಸಿಗೆ, ಹೊಸ ಕೊಡೆ, ಎಲ್ಲವನ್ನೂ ತಂಗಿ ಕೇಳುವ ಮೊದಲೇ ಕೊಟ್ಟು ಅಕ್ಕನಿಗೆ ಅಭ್ಯಾಸವಿತ್ತು. ಆದರೆ ತಂಗಿ ಬಾಯಿಬಿಟ್ಟು ಕೇಳಿದ್ದು ಇದೇ ಮೊದಲು. ಕೇಳುವಾಗ ಅವಳ ಕಿವಿ ಕೆಂಪಾಗಿತ್ತು.

"ನೋಡೋಣ," ಎಂದಳು ಅಕ್ಕ. ಹೂಂ ಅಲ್ಲದ, ಊಹೂಂ ಅಲ್ಲದ ಮಾತು. ತಂಗಿ ಅದನ್ನು ಹೂಂ ಎಂದೇ ತೆಗೆದುಕೊಂಡಳೇನೋ, ಅಕ್ಕನ ಕೈ ಒಮ್ಮೆ ಹಿಸುಕಿ ಒಳಗೆ ಓಡಿದಳು.

ಮೂರನೆಯ ಆಟಕ್ಕೆ ಸಿಕ್ಕಿದ್ದು ಜ್ವಾಲಾಮುಖಿ ಮೆಷಿನ್. ಗಾಜಿನ ಕೆಳಗೆ ನಡುಮಧ್ಯದಲ್ಲಿ ಒಂದು ಬೆಟ್ಟ, ಅದರ ತುದಿಯಲ್ಲಿ ಕುಳಿ. ಕುಳಿಗೆ ಬಿದ್ದ ಬಾಲ್ ಅಲ್ಲೇ ಉಳಿದು ಆಡಲು ಬದಲಿ ಬಾಲ್ ಬರುತ್ತದೆ; ಹೀಗೆ ಒಂದೊಂದಾಗಿ ಮೂರು ಹಾಕಿದರೆ ಬೆಟ್ಟ ಸಿಡಿದು ಮೂರೂ ಒಟ್ಟಿಗೆ ಹೊರಗೆ ಬರುತ್ತವೆ. ಆಗ ಒಂದೊಂದು ಹೊಡೆತಕ್ಕೂ ಮೆಷಿನ್ನಿನ ಸ್ಕೋರಿಗೆ ಇಪ್ಪತ್ತು ಲಕ್ಷ. ಗುರಿ ಕೂದಲೆಳೆಯಷ್ಟು ತಪ್ಪಿ ಕುಳಿಯ ಅಂಚಿಗೆ ತಗುಲಿದರೆ ಬಾಲ್ ನೇರ ವಾಪಸ್ಸು ಬಂದು ಬಾಲನ್ನು ಮೇಲಕ್ಕೆ ಹೊಡೆಯುವ ಎರಡು ಕಡ್ಡಿಗಳ, ಅಂದರೆ ಫ್ಲಿಪ್ಪರುಗಳ, ನಡುವಿನ ಸಂದಿಯಲ್ಲಿ ಬಿದ್ದು ಹೋಗುತ್ತದೆ. ಎಡಕ್ಕೆ ಬಾಲ್ ಹತ್ತಿ ಹೋಗುವ ಇಳಿಜಾರು ದಾರಿ, ಒಂದು ರ‍್ಯಾಂಪ್ ಇದೆ. ಸಾಧು ಪ್ರಾಣಿ ಅದು. ಹತ್ತಿದ ಬಾಲ್ ಸುತ್ತಿಕೊಂಡು ಬಂದು ಬಲಗೈ ಫ್ಲಿಪ್ಪರಿನ ಮೇಲೆ ತಾನಾಗಿ ಕೂರುತ್ತದೆ. ಒಂದು ಸಲಕ್ಕೆ ಮೂರೇ ಲಕ್ಷ.

ಒಬ್ಬೊಬ್ಬರಿಗೆ ಮೂರು ಬಾಲ್. ಮೊದಲು ಬೇಕರಿಯವನು, ಆಮೇಲೆ ನರ್ಸಮ್ಮ, ತಂಗಿ, ಕೊನೆಗೆ ಅಕ್ಕ. ಫೈನಲ್ ಖಾತ್ರಿಯಾಗಿದ್ದ ಬೇಕರಿಯವನು ನಗುನಗುತ್ತ ಆಡಿ ಇಪ್ಪತ್ತೆರಡು ಲಕ್ಷಕ್ಕೆ ಮುಗಿಸಿದ. ನರ್ಸಮ್ಮ ತನ್ನ ಕೊನೆಯ ಬಾಲಿನಲ್ಲಿ ಬೆಟ್ಟ ಸಿಡಿಸಿದಳು. ತುಟಿ ಬಿಗಿಹಿಡಿದು, ರೋಗಿಗೆ ಸೂಜಿ ಚುಚ್ಚುವವಳ ಹಾಗೆ ಒಂದೊಂದೇ ಹೊಡೆತ ಇಟ್ಟು ಒಂದು ಕೋಟಿ ನಲವತ್ತು ಲಕ್ಷ ಮಾಡಿದಳು. ತಂಗಿ ಎಂಬತ್ತು ಲಕ್ಷಕ್ಕೆ ನಿಂತಳು. ಬಾಲ್ ಬಿದ್ದಾಗ ಮೆಷಿನ್ನಿನ ಗಾಜಿಗೆ ಹಣೆ ಒತ್ತಿ ಒಂದು ಕ್ಷಣ ಹಾಗೇ ಇದ್ದು, ಹಿಂದಕ್ಕೆ ಸರಿದು ಗೋಡೆಗೆ ಒರಗಿದಳು.

ಅಕ್ಕನ ಬಳಿ ಮೂವತ್ತೊಂದು ಲಕ್ಷವಿತ್ತು, ಒಂದು ಬಾಲ್ ಉಳಿದಿತ್ತು. ಮೊದಲನೆಯ ಬಾಲಿನಲ್ಲಿ ಅವಳು ಕುಳಿಗೆ ಒಂದು ಹಾಕಿದ್ದಳು, ಎರಡನೆಯದರಲ್ಲಿ ಇನ್ನೊಂದು ತಾನಾಗಿ ಉರುಳಿ ಒಳಗೆ ಬಿದ್ದಿತ್ತು. ಇನ್ನೊಂದೇ ಒಂದು ಬಿದ್ದರೆ ಬೆಟ್ಟ ಸಿಡಿಯುತ್ತಿತ್ತು.

ಬೇಕರಿಯವನು ಬೆರಳು ಮಡಿಚುತ್ತ ಲೆಕ್ಕ ಹಾಕುತ್ತಿದ್ದವನು ಇದ್ದಕ್ಕಿದ್ದಂತೆ ಗಟ್ಟಿಯಾಗಿ ಹೇಳಿದ: "ಅಬ್ಬಾ, ಮಜಾ ಇದೆ ನೋಡಿ! ಇವರು ಈಗ ಹೀಗೇ ಮುಗಿಸಿದ್ರೆ ನರ್ಸಮ್ಮಂಗೆ ಆರು, ತಂಗಿಗೂ ಆರು, ಇಬ್ಬರಿಗೂ ಇನ್ನೊಂದು ಆಟ. ತಂಗೀನ ದಾಟಿದ್ರೆ ತಂಗಿಗೆ ಐದೇ, ಮನೆಗೆ. ನರ್ಸಮ್ಮನ್ನೂ ದಾಟಿದ್ರೋ, ನರ್ಸಮ್ಮಂಗೆ ನಾಲ್ಕಕ್ಕೆ ನಿಲ್ಲತ್ತೆ, ತಂಗಿ ಐದು ಇಟ್ಕೊಂಡು ಸೀದಾ ಫೈನಲಿಗೆ!"

"ರೀ, ಸುಮ್ನಿರಿ. ಆಡೋರಿಗೆ ಯಾರೂ ಏನೂ ಹೇಳೋ ಹಾಗಿಲ್ಲ," ತೀರ್ಪುಗಾರ ಗದರಿದ. ಆದರೆ ಬಾಯಿಂದ ಬಿದ್ದ ಮಾತು ಬಿದ್ದಾಗಿತ್ತು. ಸುತ್ತ ನಿಂತವರೆಲ್ಲ ಅಕ್ಕನನ್ನೇ ನೋಡತೊಡಗಿದರು. ನರ್ಸಮ್ಮ ಕೈಕಟ್ಟಿ ನಿಂತಳು. ತಂಗಿ ಮುಖ ಆ ಕಡೆ ತಿರುಗಿಸಿದ್ದಳು, ಅವಳ ಕಿವಿ ಮತ್ತೆ ಕೆಂಪಾಗಿದ್ದದ್ದು ಅಕ್ಕನಿಗೆ ಇಲ್ಲಿಂದಲೇ ಕಂಡಿತು.

ಅಕ್ಕ ಅಂಗೈಯನ್ನು ಅಂಗಿಗೆ ಒರೆಸಿಕೊಂಡಳು. ಒರೆಸಿದಷ್ಟೂ ಒದ್ದೆ. ಬಾಲನ್ನು ಬೀಳಲು ಬಿಟ್ಟರೆ ತಂಗಿಗೆ ಇನ್ನೊಂದು ಅವಕಾಶ ಉಳಿಯುತ್ತದೆ, ಆದರೆ ಬಿಟ್ಟಳು ಎಂದು ಇಷ್ಟು ಜನಕ್ಕೂ ಗೊತ್ತಾಗುತ್ತದೆ. ನರ್ಸಮ್ಮನಿಗೆ ಮೋಸ. ಕುಳಿಗೆ ಹೊಡೆದು ಬೆಟ್ಟ ಸಿಡಿಸಿದರೆ ಎಲ್ಲರನ್ನೂ ದಾಟಬಹುದು. ಆದರೆ ಸಿಡಿದ ಮೇಲೆ ಸ್ಕೋರು ಎಲ್ಲಿ ನಿಲ್ಲುತ್ತದೆ ಎಂದು ಹೇಳಿದವರು ಯಾರು? ಒಂದು ಕೋಟಿಗೆ ನಿಂತರೆ ತಂಗಿಯನ್ನು ತಾನೇ ಕೈಯಾರೆ ಹೊರಗೆ ಹಾಕಿದಂತೆ.

ಸ್ಪ್ರಿಂಗಿನ ಹಿಡಿ ಎಳೆದು ಬಿಟ್ಟಳು. ಬಾಲ್ ಮೇಲಕ್ಕೆ ಹೋಗಿ, ಎರಡು ಕಂಬಕ್ಕೆ ಬಡಿದು, ಇಳಿದು ಬಂದು ಫ್ಲಿಪ್ಪರಿನ ಮೇಲೆ ಸುಲಭಕ್ಕೆ ನಿಂತಿತು. ಬೀಳಬೇಕಾದ ಬಾಲ್ ಎಂದೂ ಇಷ್ಟು ಚೆನ್ನಾಗಿ ಕೂತದ್ದಿಲ್ಲ. ಕುಳಿ ಎದುರಿಗೇ ಮಿಣಮಿಣ ಮಿನುಗುತ್ತಿತ್ತು.

ಅವಳು ಎಡಗಡೆಯ ರ‍್ಯಾಂಪಿಗೆ ಹೊಡೆದಳು.

ಮೂವತ್ತನಾಲ್ಕು ಲಕ್ಷ. ಬಾಲ್ ಸುತ್ತಿ ಬಂದು ಮತ್ತೆ ಅಲ್ಲೇ ಕೂತಿತು. ಮತ್ತೆ ರ‍್ಯಾಂಪ್. ಇದಕ್ಕೆ ಯಾರೂ ಏನೂ ಅನ್ನುವಂತಿಲ್ಲ ಎಂದು ಅವಳ ಮನಸ್ಸು ಹೇಳುತ್ತಿತ್ತು. ಆಡುತ್ತಿದ್ದೇನೆ, ಬಿಟ್ಟುಕೊಟ್ಟಿಲ್ಲ. ತಂಗಿಯ ಸ್ಕೋರಿಗಿಂತ ಕೆಳಗೂ ಇದ್ದೇನೆ, ದಾಟಿಲ್ಲ. ಸಲೂನಿನಲ್ಲೂ ಅವಳು ಹಾಗೆಯೇ. "ಸಾಕಾ? ಇನ್ನೊಂಚೂರು ತೆಗೀಲಾ?" ಎಂದು ಕೇಳಿ ಕೇಳಿ ಎಳೆಎಳೆಯಾಗಿ ಕತ್ತರಿಸುವವಳು. ನಲವತ್ತು ದಾಟಿತು, ಐವತ್ತು ದಾಟಿತು. ಹಿಂದಿನಿಂದ ಯಾರೋ, "ಯಾಕಪ್ಪಾ ಕುಳಿಗೆ ಹೊಡೀತಿಲ್ಲ ಇವರು?" ಎಂದು ಪಿಸುಗುಟ್ಟಿದರು. ಅವಳ ಬೆನ್ನ ಮೇಲೆ ಬೆವರು ಇರುವೆಯ ಹಾಗೆ ಇಳಿಯಿತು.

ಅರವತ್ತೇಳು ಲಕ್ಷಕ್ಕೆ ಅವಳು ಫ್ಲಿಪ್ಪರ್ ಎತ್ತಿಹಿಡಿದು ಬಾಲನ್ನು ನಿಲ್ಲಿಸಿದಳು. ಉಸಿರು ತೆಗೆದುಕೊಳ್ಳಬೇಕಿತ್ತು. ಹಾಗೆ ಸ್ವಲ್ಪ ಹೊತ್ತು ಹಿಡಿದಿದ್ದರೆ ಮೇಲಿನ ಪರದೆಯಲ್ಲಿ ಆಟದ ವಿವರ ಒಂದೊಂದಾಗಿ ಬರುತ್ತದೆ. ಕುಳಿಯಲ್ಲಿ ಎರಡು ಬಾಲ್. ಆಮೇಲೆ: ಬೋನಸ್ ಹದಿನಾಲ್ಕು ಲಕ್ಷ.

ಬೋನಸ್! ರ‍್ಯಾಂಪ್ ಹತ್ತಿದಾಗಲೆಲ್ಲ ಅದೂ ಒಳಗೊಳಗೇ ಬೆಳೆಯುತ್ತದೆ, ಬಾಲ್ ಬಿದ್ದ ಮೇಲೆ ಮೊತ್ತಕ್ಕೆ ಸೇರುತ್ತದೆ. ಲಾಂಡ್ರಿಯಲ್ಲಿ ತಂಗಿಗೆ ಮೊದಲ ವಾರವೇ ಹೇಳಿಕೊಟ್ಟ ಪಾಠ ಅದು. ಅರವತ್ತೇಳಕ್ಕೆ ಹದಿನಾಲ್ಕು ಸೇರಿದರೆ ಎಂಬತ್ತೊಂದು. ಈಗ ಬಾಲ್ ಬಿದ್ದರೂ ತಂಗಿಯನ್ನು ದಾಟಿದಂತೆಯೇ. ಕೆಳಗೆ ಉಳಿಯಲು ಉಳಿದಿದ್ದ ದಾರಿ ಒಂದೇ: ಮೆಷಿನ್ನನ್ನು ಜೋರಾಗಿ ಅಲ್ಲಾಡಿಸಿ ಟಿಲ್ಟ್ ಮಾಡುವುದು. ಅತಿಯಾಗಿ ತಳ್ಳಿದರೆ ಮೆಷಿನ್ ಮುನಿಸಿಕೊಂಡು ಫ್ಲಿಪ್ಪರುಗಳು ಸತ್ತು ಹೋಗುತ್ತವೆ, ಬಾಲ್ ಬೀಳುತ್ತದೆ, ಬೋನಸ್ ಒಂದು ಪೈಸೆಯೂ ಸಿಗುವುದಿಲ್ಲ.

ಇಷ್ಟು ಹೊತ್ತು ಅತ್ತಲೂ ಇಲ್ಲ ಇತ್ತಲೂ ಇಲ್ಲ ಎಂದು ಗೋಡೆಯ ಮೇಲೆ ಕೂತಿದ್ದವಳ ಕೆಳಗಿನ ಗೋಡೆಯೇ ಕುಸಿದಿತ್ತು. ಅವಳು ತಂಗಿಯ ಕಡೆ ನೋಡಿದಳು. ತಂಗಿ ಈಗ ಗೋಡೆ ಬಿಟ್ಟು ಮುಂದೆ ಬಂದಿದ್ದಳು. ಅವಳ ಕಣ್ಣು ಪರದೆಯ ಮೇಲಿತ್ತು. ಅವಳಿಗೂ ಲೆಕ್ಕ ಸಿಕ್ಕಿತ್ತು. ಅವಳು ತಲೆ ಆಡಿಸಲಿಲ್ಲ, ಕೈ ಮಾಡಲಿಲ್ಲ, ಸುಮ್ಮನೆ ಕೆಳತುಟಿ ಕಚ್ಚಿಕೊಂಡು ನಿಂತಳು.

ಇನ್ನು ಕುಳಿಯೊಂದೇ. ಮೊದಲ ಸಲ ಬಾಲ್ ಬಂದು ಕೂತಾಗಲೇ ಹೊಡೆಯಬೇಕಿದ್ದ ಹೊಡೆತ. ಅಕ್ಕ ಬಾಲನ್ನು ಉರುಳಲು ಬಿಟ್ಟಳು, ಫ್ಲಿಪ್ಪರಿನ ತುದಿಗೆ ಬರುವವರೆಗೆ ಕಾಯಬೇಕಿತ್ತು, ಕಾಯಲಾಗಲಿಲ್ಲ. ಬೆರಳು ಒಂದು ಚಣ ಮೊದಲೇ ಗುಂಡಿ ಒತ್ತಿತು.

ಬಾಲ್ ಕುಳಿಯ ಅಂಚಿಗೆ ಟಣ್ ಎಂದು ಬಡಿದು ನೇರ ವಾಪಸ್ಸು ಬಂತು.

ಅದು ನಡುವಿನ ಸಂದಿಗೆ ಬರುತ್ತಿರುವುದು ಅವಳಿಗೆ ಬಹಳ ನಿಧಾನವಾಗಿ ಕಂಡಿತು. ಎರಡು ಅಂಗೈಗಳೂ ಮೆಷಿನ್ನಿನ ಪಕ್ಕೆಗೆ ಒತ್ತಿದ್ದವು. ಒಂದು ತಳ್ಳು ಸಾಕಿತ್ತು. ಬಾಲ್ ಉಳಿಸಲು ತಳ್ಳಿದೆ, ಹೆಚ್ಚಾಯಿತು ಎಂದರೆ ಯಾರೂ ಇಲ್ಲ ಎನ್ನುತ್ತಿರಲಿಲ್ಲ. ಎಲ್ಲರೂ ಹಾಗೆಯೇ ತಳ್ಳುತ್ತಾರೆ. ತೋಳಿನ ನರ ಬಿಗಿದೂ ಬಿಗಿದಿತ್ತು. ಆದರೆ ಅವಳ ಎರಡೂ ಕೈಗಳು ಕಾದ ಹೆಂಚು ಮುಟ್ಟಿದಂತೆ ಮೆಷಿನ್ನಿನಿಂದ ಮೇಲೆದ್ದವು. ಬಾಲ್ ಬಿತ್ತು.

ಪರದೆಯ ಮೇಲೆ ಬೋನಸ್ ಟಕಟಕ ಏರಿತು. ಎಪ್ಪತ್ತು, ಎಪ್ಪತ್ತೈದು, ಎಂಬತ್ತು. ಎಂಬತ್ತೊಂದಕ್ಕೆ ನಿಂತಿತು.

ಬೇಕರಿಯವನು "ಅಯ್ಯಯ್ಯೋ," ಎಂದವನು ಬಾಯಿ ಮುಚ್ಚಿಕೊಂಡ. ತೀರ್ಪುಗಾರ ಹಲಗೆಯ ಮೇಲೆ ಬರೆದ: ನರ್ಸಮ್ಮನಿಗೆ ಆರು, ತಂಗಿಗೆ ಐದು. ನರ್ಸಮ್ಮ ಬಂದು ಅಕ್ಕನ ಕೈ ಹಿಡಿದಳು. ಅವಳ ಕೈಯೂ ತಣ್ಣಗಿತ್ತು. "ನೀವು ತಳ್ಳೇ ತಳ್ತೀರಿ ಅಂದ್ಕೊಂಡಿದ್ದೆ ಕಣ್ರೀ. ನನ್ನ ತಮ್ಮ ಆಗಿದ್ದಿದ್ರೆ ನಾನು ತಳ್ತಿದ್ದೆ," ಎಂದಳು. ಅದು ಹೊಗಳಿಕೆಯೋ ತೆಗಳಿಕೆಯೋ ಅಕ್ಕನಿಗೆ ತಿಳಿಯಲಿಲ್ಲ. ತಿರುಗಿ ನೋಡಿದರೆ ತಂಗಿ ಇರಲಿಲ್ಲ.

ಮೆಟ್ಟಿಲಲ್ಲಿ ಇರಲಿಲ್ಲ. ಹೆಂಗಸರ ಬಾತ್‌ರೂಮಿನಲ್ಲಿ ಇರಲಿಲ್ಲ. ಕೆಳಗೆ ಟೈರ್ ಅಂಗಡಿಯವನನ್ನು ಕೇಳಿದರೆ, "ಯಾರೋ ಒಬ್ಬರು ಬಿರಬಿರ ಅಂತ ಹೋದ್ರು," ಎಂದು ರಸ್ತೆಯ ಎರಡೂ ಕಡೆ ಕೈ ತೋರಿಸಿದ. ಅಕ್ಕ ಅವಳ ಫೋನಿಗೆ ಮಾಡಿದಳು, ಎತ್ತಲಿಲ್ಲ. ಮತ್ತೆ ಮಾಡಿದಳು, ಕಟ್ಟಾಯಿತು. ರಸ್ತೆ ದಾಟುವಾಗ ಒಂದು ಸೈಕಲ್ಲು ಮೈಮೇಲೆ ಬರುವುದರಲ್ಲಿತ್ತು. ತಂಗಿ ಇನ್ನು ಯಾವತ್ತೂ ತನ್ನ ಜೊತೆ ಮಾತಾಡುವುದಿಲ್ಲ ಎಂಬ ಯೋಚನೆ ಬಂದು, ಅವಳು ಇನ್ನೂ ಬೇಗ ಬೇಗ ಹೆಜ್ಜೆ ಹಾಕಿದಳು.

ತಂಗಿ ಕಾರಿನಲ್ಲಿ ಕೂತಿದ್ದಳು. ಡ್ರೈವಿಂಗ್ ಶಾಲೆಯ ಕಾರು, ನೆತ್ತಿಯ ಮೇಲೆ ಹಳದಿ ಫಲಕ. ಸ್ಟೇರಿಂಗ್ ಹಿಡಿದುಕೊಂಡು ಎದುರಿನ ಗೋಡೆಯನ್ನು ನೋಡುತ್ತಿದ್ದಳು. ಅಕ್ಕ ಪಕ್ಕದ ಬಾಗಿಲು ತೆಗೆದು ಕೂತಳು. ತಂಗಿ ಕಾರು ಹೊರಡಿಸಿದಳು.

ಒಂದು ತಿರುವು, ಇನ್ನೊಂದು ತಿರುವು. ಅಂಗಡಿಗಳ ಮುಂದೆ ಸಂಜೆಯ ಜನ. ಇಂಡಿಕೇಟರಿನ ಟಿಕ್ ಟಿಕ್ ಒಂದೇ ಸದ್ದು. ಈ ಮೌನಕ್ಕಿಂತ ಎರಡು ಏಟು ಕೊಟ್ಟಿದ್ದರೆ ಚೆನ್ನಾಗಿತ್ತು ಎನ್ನಿಸಿತು ಅಕ್ಕನಿಗೆ.

"ಎಡಗಡೆ ರ‍್ಯಾಂಪ್ ಯಾಕೆ ಹೊಡೆದೆ?" ತಂಗಿ ಕೇಳಿದಳು.

"ಏನು?"

"ಕುಳೀಲಿ ಎರಡು ಬಾಲ್ ಇತ್ತು. ಎರಡು! ಮೂರನೇದು ಬಂದು ಫ್ಲಿಪ್ಪರ್ ಮೇಲೆ ಕಾಲು ಚಾಚ್ಕೊಂಡು ಕೂತಿತ್ತು. ಆಗಲೇ ಹೊಡೆದಿದ್ರೆ ಬೆಟ್ಟ ಸಿಡೀತಿತ್ತು. ನೀನು ನರ್ಸಮ್ಮನ್ನ ದಾಟ್ತಿದ್ದೆ, ನಾನು ಸೀದಾ ಫೈನಲಿಗೆ ಹೋಗ್ತಿದ್ದೆ. ಅದು ಬಿಟ್ಟು ಮೂರು ಲಕ್ಷ, ಮೂರು ಲಕ್ಷ, ಮೂರು ಲಕ್ಷ! ಯಾರಾದ್ರೂ ಹೀಗೆ ಆಡ್ತಾರಾ? ಆಡೋದಾದ್ರೆ ಪೂರ್ತಿ ಆಡ್ಬೇಕು. ಬಿಡೋದಾದ್ರೆ ಪೂರ್ತಿ ಬಿಡ್ಬೇಕು. ಅಮ್ಮ ನನ್ನ ಅರ್ಧ ಅಂತಾಳೆ, ನೀನು ನೋಡಿದ್ರೆ..."

ಅಕ್ಕನಿಗೆ ಮೊದಲು ಅಳು ಬರುವ ಹಾಗಿತ್ತು. ಬಂದದ್ದು ಸಿಟ್ಟು. ಎಲ್ಲಿ ಇಷ್ಟು ವರ್ಷ ಬಚ್ಚಿಟ್ಟುಕೊಂಡಿತ್ತೋ, ಒಮ್ಮೆಗೇ ಬಂತು.

"ಯಾರಿಂದ ಹಾಗೆ ಆಡಿದ್ದು? ಹೇಳೇ, ಯಾರಿಂದ? ಮೆಟ್ಟಿಲ ಮೇಲೆ ನಿಲ್ಲಿಸಿ ನನ್ನ ಮೇಲೆ ಬರಬೇಡ ಅಂದವಳು ಯಾರು? ಸೊನ್ನೆ ಇಟ್ಕೊಂಡು ನೆಮ್ಮದಿಯಾಗಿ ನಿಂತಿದ್ದೆ ನಾನು! ನೀನು ಬಾಯಿ ಮುಚ್ಕೊಂಡಿದ್ದಿದ್ರೆ ಬಾಲ್ ಬಂದ ತಕ್ಷಣ ಕುಳಿಗೇ ಹೊಡೀತಿದ್ದೆ, ಕಣ್ಣು ಮುಚ್ಕೊಂಡು ಹೊಡೀತಿದ್ದೆ! ಕೇಳ್ದೆ ಇದ್ದಾಗಲೂ ಕೊಟ್ಟಿದ್ದೀನಿ, ಇದೊಂದನ್ನ ಯಾಕೆ ಕೇಳಿದೆ?"

ಕೊನೆಯ ಮಾತಿನ ಜೊತೆಗೆ ಅವಳು ಕಾಲನ್ನು ಜೋರಾಗಿ ನೆಲಕ್ಕೆ ಬಡಿದಳು. ಅಲ್ಲಿದ್ದದ್ದು ನೆಲವಲ್ಲ. ಕಲಿಸುವವರಿಗೆಂದು ಇಟ್ಟಿರುವ ಎರಡನೇ ಬ್ರೇಕು. ಕಾರು ನಡುರಸ್ತೆಯಲ್ಲಿ ಗಕ್ಕನೆ ನಿಂತಿತು. ಇಬ್ಬರೂ ಮುಂದಕ್ಕೆ ಮುಗ್ಗರಿಸಿದರು. ಹಿಂದೆ ಒಂದು ಬಸ್ಸು ಕಿರ‍್ರನೆ ನಿಂತು ಹಾರ್ನ್ ಹೊಡೆಯಿತು.

"ಕಾಲು ತೆಗಿ! ಅಕ್ಕಾ, ಕಾಲು ತೆಗೀ!"

ಅಕ್ಕನ ಕಾಲು ಮರಗಟ್ಟಿತ್ತು. ತಂಗಿ ಬಗ್ಗಿ ಅವಳ ಮೊಣಕಾಲು ಹಿಡಿದು ಎಳೆದಳು. ಕಾರು ತೆವಳಿಕೊಂಡು ರಸ್ತೆಯ ಪಕ್ಕಕ್ಕೆ ಹೋಗಿ ನಿಂತಿತು. ಬಸ್ಸಿನವನು ಕಿಟಕಿಯಿಂದ ತಲೆ ಹೊರಗೆ ಹಾಕಿ, ನೆತ್ತಿಯ ಫಲಕ ನೋಡಿ, "ಕಲಿಯೋರು ಖಾಲಿ ಮೈದಾನದಲ್ಲಿ ಕಲೀರಮ್ಮಾ!" ಎಂದು ಕೂಗಿ ಹೋದ.

ತಂಗಿ ಸ್ಟೇರಿಂಗಿನ ಮೇಲೆ ಎರಡೂ ಕೈ ಇಟ್ಟು ಬೆರಳು ನೋಡಿಕೊಂಡಳು.

"ಕೇಳಬಾರದಿತ್ತು," ಎಂದಳು. "ಕೇಳಿದ ತಕ್ಷಣ ಗೊತ್ತಾಯ್ತು ನಂಗೆ. ವಾಪಸ್ ಬಂದು ಬೇಡ ಬಿಡು ಅನ್ನೋಣ ಅಂದ್ಕೊಂಡೆ. ನಾಚಿಕೆ ಆಯ್ತು. ನೀನು ಆಮೇಲೆ ಆ ರ‍್ಯಾಂಪ್ ಹೊಡೀತಾ ಇದ್ಯಲ್ಲ, ಒಂದೊಂದು ಸಲಕ್ಕೂ ನನ್ನ ಕಪಾಳಕ್ಕೆ ಹೊಡೆದ ಹಾಗೆ ಇತ್ತು."

ಅಕ್ಕ ಸೀಟಿನ ನಡುವೆ ಇದ್ದ ನೀರಿನ ಬಾಟಲಿ ತೆಗೆದು ತಾನು ಕುಡಿದಳು, ಕುಡಿದಾದ ಮೇಲೆ ಅವಳಿಗೆ ಕೊಟ್ಟಳು.

ಅಷ್ಟರಲ್ಲಿ ತಂಗಿಯ ಫೋನು ಹೊಡೆದುಕೊಂಡಿತು. ಅಮ್ಮ. ತಂಗಿ ಅಕ್ಕನ ಮುಖ ನೋಡಿ, ಉಸಿರೆಳೆದುಕೊಂಡು, ಸ್ಪೀಕರಿಗೆ ಹಾಕಿದಳು.

"ಏನಾಯ್ತ್ರೇ? ಒಂದು ಫೋನ್ ಇಲ್ಲ ಏನಿಲ್ಲ. ಮುಗೀತಾ?"

"ಮುಗೀತಮ್ಮ."

"ಯಾರು ನೀನಾ, ಅಕ್ಕಾನಾ?"

"ಇಬ್ಬರೂ ಅಲ್ಲ," ತಂಗಿ ಎಂದಳು. "ನರ್ಸ್."

"ಅಯ್ಯೋ! ಯಾವ ನರ್ಸು? ಯಾರಿಗೆ ಏನಾಯ್ತು? ಎಲ್ಲಿದ್ದೀರಿ ನೀವು? ಆಸ್ಪತ್ರೇಲಾ? ಆಗಲೇ ಹೇಳ್ದೆ, ಆ ಕಾರಲ್ಲಿ ಹೋಗ್ಬೇಡಿ ಅಂತ..."

"ಅಮ್ಮಾ, ಯಾರಿಗೂ ಏನೂ ಆಗಿಲ್ಲ!" ಇಬ್ಬರೂ ಒಟ್ಟಿಗೆ ಕೂಗಿದರು. ಅಮ್ಮ ನಂಬಲಿಲ್ಲ. ಅಕ್ಕನ ದನಿ ಯಾಕೆ ನಡುಗುತ್ತಿದೆ ಎಂದು ಕೇಳಿದಳು, ತಂಗಿ ಅಳುತ್ತಿದ್ದಾಳಾ ಎಂದು ಕೇಳಿದಳು. ಇಬ್ಬರಿಗೂ ಕೈ ಕಾಲು ನೆಟ್ಟಗಿದೆಯೆಂದು ಒಬ್ಬೊಬ್ಬರಿಂದ ಬೇರೆ ಬೇರೆಯಾಗಿ ಹೇಳಿಸಿಕೊಂಡ ಮೇಲೆಯೇ ಫೋನು ಇಟ್ಟಳು. ನರ್ಸ್ ಎಂದರೆ ಎದುರಾಳಿ ಎಂದು ಅವಳಿಗೆ ಕೊನೆಗೂ ಅರ್ಥವಾಯಿತೋ ಇಲ್ಲವೋ ಗೊತ್ತಿಲ್ಲ.

ತಂಗಿ ಕಣ್ಣು ಒರೆಸಿಕೊಂಡು ಗೇರ್ ಹಾಕಿದಳು. ಅಕ್ಕ ಎರಡೂ ಕಾಲುಗಳನ್ನು ಬ್ರೇಕಿನಿಂದ ದೂರಕ್ಕೆ, ಸೀಟಿನ ಕೆಳಗೆ ಮಡಚಿಟ್ಟುಕೊಂಡಳು. ಅವಳ ಅಂಗೈ ಇನ್ನೂ ಒಣಗಿರಲಿಲ್ಲ.

"ಕುಳಿಗೆ ಹೊಡೆದ್ಯಲ್ಲ, ಆಗಲೂ ಒಂದು ಚಣ ಬೇಗ ಹೊಡೆದೆ," ಎಂದಳು ತಂಗಿ, ಕನ್ನಡಿಯಲ್ಲಿ ಹಿಂದೆ ನೋಡುತ್ತ.

"ಗೊತ್ತು ಕಣೇ, ನೀನು ರಸ್ತೆ ನೋಡು," ಎಂದಳು ಅಕ್ಕ.